ಗಂಡಭೇರುಂಡ ಕಡಲಿಗೆ ಇಳಿದಾಗ: ಹಳೆಯ ಯುದ್ಧನೌಕಾ ಲಾಂಛನಗಳನ್ನು ಸಂಗ್ರಹಿಸುವವರಿಗೆ

ಆನೆಗೊಂದಿಯಿಂದ ಸಮುದ್ರ ನೋಡಬೇಕೆಂದರೆ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹಾದು, ಘಟ್ಟ ಇಳಿದು ಅಂಕೋಲಾ ಸೇರಬೇಕು. ಇಷ್ಟು ಒಳನಾಡಿನಲ್ಲಿರುವವರು ಯುದ್ಧನೌಕೆಗಳ ಲಾಂಛನ ಕೂಡಿಸಲು ಹೊರಟರೆ ನೋಡಿದವರಿಗೆ ಸೋಜಿಗ ಅನಿಸಬಹುದು. ಆದರೆ ಭಾರತೀಯ ನೌಕಾಪಡೆಯ ಐಎನ್‌ಎಸ್ ಮೈಸೂರು ಹಡಗಿನ ಲಾಂಛನದಲ್ಲಿರುವುದು ಗಂಡಭೇರುಂಡ. ಮೈಸೂರು ಒಡೆಯರ ಲಾಂಛನವಾಗುವುದಕ್ಕೂ ಮೊದಲೇ ಆ ಎರಡು ತಲೆಯ ಹಕ್ಕಿ ವಿಜಯನಗರದ ಅಚ್ಯುತರಾಯನ ಚಿನ್ನದ ವರಹದ ಮೇಲೆ ರೆಕ್ಕೆ ಬಿಚ್ಚಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲೇ ಅದಕ್ಕೊಂದು ಕಂಬ ನಿಂತಿತ್ತು. ತುಂಗಭದ್ರಾ ಹೊಳೆಯ ಆಚೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ನೋಡಿದ ಹುಡುಗನಿಗೋ ಹುಡುಗಿಗೋ ಯುದ್ಧನೌಕೆಯ ಲಾಂಛನ ಅಪರಿಚಿತವಾಗಿ ಕಾಣುವುದಿಲ್ಲ.

ಹಾಗಾಗಿ ಈ ಭಾಗದವರು ಸಂಗ್ರಹ ಶುರು ಮಾಡುವುದಾದರೆ ಐಎನ್‌ಎಸ್ ಮೈಸೂರಿನಿಂದಲೇ ಶುರು ಮಾಡಲಿ ಎಂಬುದು ನನ್ನ ಸಲಹೆ. ಸಿಕ್ಕಿದ್ದನ್ನೆಲ್ಲ ಕೊಂಡು ಗೋಡೆ ತುಂಬಿಸುವುದಕ್ಕಿಂತ ಒಂದು ಹಡಗನ್ನು ಹಿಡಿದು ಅದರ ಕಥೆಯ ಹಿಂದೆ ಹೋದವರ ಸಂಗ್ರಹಕ್ಕೇ ತೂಕ ಹೆಚ್ಚು. ಲಾಂಛನ ಯಾವ ಹಡಗಿನದು, ಆ ಹಡಗು ಎಲ್ಲೆಲ್ಲಿ ಹೋಯಿತು, ಏನು ಮಾಡಿತು, ಬಿಲ್ಲೆ ಯಾರ ಕೈಯಿಂದ ಬಂತು ಎಂಬುದು ಗೊತ್ತಿಲ್ಲದಿದ್ದರೆ ನಿಮ್ಮ ಬಳಿ ಇರುವುದು ಬರೀ ಹಿತ್ತಾಳೆ.

ಒಂದು ಹಡಗು, ಎರಡು ಹೆಸರು

ಮೊದಲ ಐಎನ್‌ಎಸ್ ಮೈಸೂರು ಹುಟ್ಟಿದ್ದು ಬ್ರಿಟನ್ನಿನಲ್ಲಿ, ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಲ್ಲಿ. 1939ರಲ್ಲಿ ನೀರಿಗಿಳಿದ ಈ ಕ್ರೂಸರ್ ಮರುವರ್ಷ ಸೇವೆಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಆರ್ಕ್ಟಿಕ್ ಕಡಲಿನಲ್ಲಿ ದುಡಿಯಿತು. 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಹೋಗುವಾಗ ಇಟಲಿಯ ಆಕ್ಸಮ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿತು. ಮುಳುಗಲಿಲ್ಲ. 1954ರಲ್ಲಿ ಭಾರತ ಅದನ್ನು ಕೊಂಡಿತು. ದುರಸ್ತಿಯಾಗಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಗಿ ನಮ್ಮ ನೌಕಾಪಡೆಗೆ ಸೇರಿತು.

ಕನ್ನಡಿಗರು ನೆನಪಿಡಬೇಕಾದ ದಿನ 1961ರ ಡಿಸೆಂಬರ್ 18. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಕಾರವಾರದ ಕಣ್ಣಳತೆಯಲ್ಲೇ ಇರುವ ಅಂಜದೀಪ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳಲು ಹೋದದ್ದು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್. ದಡಕ್ಕಿಳಿದ ತಂಡದ ಮೇಲೆ ಗುಂಡಿನ ಮಳೆ ಸುರಿಯಿತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಮುಂದೆ 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಆಗಿದ್ದದ್ದೂ ಮೈಸೂರೇ. 1985ರಲ್ಲಿ ಅದು ನಿವೃತ್ತವಾಯಿತು. 1999ರ ಜೂನ್ 2ರಂದು ಅದೇ ಹೆಸರಿನ ವಿಧ್ವಂಸಕ ನೌಕೆ ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿಸಿಕೊಂಡು ಸೇವೆಗೆ ಬಂತು. ಅದರ ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನದು: ನ ಬಿಭೇತಿ ಕದಾಚನ. ಎಂದೂ ಅಂಜುವುದಿಲ್ಲ ಎಂದು ಅರ್ಥ.

ಸಂಗ್ರಹಕಾರನಿಗೆ ಇದರಿಂದ ಏನು ಉಪಯೋಗ? ಎಚ್‌ಎಂಎಸ್ ನೈಜೀರಿಯಾದ ಲಾಂಛನ, ಕ್ರೂಸರ್ ಮೈಸೂರಿನದು, ಈಗಿನ ಮೈಸೂರಿನದು ಎಂದು ಮೂರನ್ನು ಸಾಲಾಗಿ ಇಟ್ಟರೆ ಎರಡು ದೇಶ, ಎರಡು ಹಡಗು, ಎಂಟು ದಶಕಗಳಿಗೂ ಮೀರಿದ ಚರಿತ್ರೆ ಒಂದೇ ಹಲಗೆಯ ಮೇಲೆ ಬರುತ್ತದೆ. ಮೂರೂ ಸಿಗಲು ವರ್ಷಗಳೇ ಹಿಡಿದಾವು. ಅಷ್ಟರಲ್ಲಿ ಕಣ್ಣು ಪಳಗಿರುತ್ತದೆ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಹಡಗು ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನೌಕಾಪಡೆಯಲ್ಲಿ ಹೆಸರುಗಳು ಮರಳಿ ಮರಳಿ ಬರುತ್ತವೆ. ವಿಕ್ರಾಂತ್ 1961ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ. ಐಎನ್‌ಎಸ್ ಖುಕ್ರಿ 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ದೀವ್ ಬಳಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೇ ಹೋದರು. ಆ ಹಡಗಿನ ಮೇಲಿದ್ದ ಲಾಂಛನಗಳೂ ಸಮುದ್ರದ ತಳದಲ್ಲಿವೆ. 1989ರಿಂದ 2021ರವರೆಗೆ ಇದ್ದದ್ದು ಬೇರೆ ಖುಕ್ರಿ. ಎಪ್ಪತ್ತೊಂದರ ಖುಕ್ರಿಯದು ಎಂದು ಯಾರಾದರೂ ಹಡಗಿನ ಲಾಂಛನ ತೋರಿಸಿದರೆ ದಾಖಲೆ ಕೇಳದೆ ಕೈ ಹಾಕಬೇಡಿ. ಆ ಹೆಸರನ್ನು ಸುಳ್ಳಿಗೆ ಬಳಸುವುದು ಮಡಿದವರಿಗೆ ಮಾಡುವ ಅವಮಾನ.

ಲಾಂಛನ ಎಂಬುದು ಹೇಗೆ ಹುಟ್ಟಿತು

ಹಡಗಿಗೊಂದು ಗುರುತು ಇರಬೇಕೆಂಬ ಆಸೆ ಹಳೆಯದು. ಆದರೆ ಬ್ರಿಟಿಷ್ ನೌಕಾಪಡೆಯಲ್ಲಿ ಬಹುಕಾಲ ಅದಕ್ಕೊಂದು ನಿಯಮ ಇರಲಿಲ್ಲ. ಕಟ್ಟುವವರು, ಕಪ್ತಾನರು ತಮಗೆ ತೋಚಿದ ಚಿತ್ರ ಹಾಕಿಸುತ್ತಿದ್ದರು. ಮೊದಲ ಮಹಾಯುದ್ಧದ ಕೊನೆಗೆ ಚಾರ್ಲ್ಸ್ ಫೋಕ್ಸ್ ಎಂಬ ವಸ್ತುಸಂಗ್ರಹಾಲಯ ತಜ್ಞರು ಎಚ್‌ಎಂಎಸ್ ಟವರ್ ಎಂಬ ವಿಧ್ವಂಸಕ ನೌಕೆಗೆ ಒಂದು ಲಾಂಛನ ಬರೆದುಕೊಟ್ಟರು. ಅದು ಮೆಚ್ಚುಗೆಯಾಗಿ, 1918ರಲ್ಲಿ ಇದಕ್ಕೆಂದೇ ಸಮಿತಿ ಆಯಿತು. ಆಕಾರ ನೋಡಿದರೇ ಹಡಗಿನ ಜಾತಿ ತಿಳಿಯಬೇಕೆಂದು ನಿಯಮ ಮಾಡಿದರು: ದೊಡ್ಡ ಯುದ್ಧನೌಕೆಗೆ ವೃತ್ತ, ಕ್ರೂಸರ್‌ಗೆ ಐದು ಮೂಲೆ, ವಿಧ್ವಂಸಕ ನೌಕೆಗೆ ಗುರಾಣಿ, ಮಿಕ್ಕವಕ್ಕೆ ವಜ್ರಾಕಾರ. ಮುಂದೆ ಯುದ್ಧನೌಕೆಗಳಿಗೆಲ್ಲ ವೃತ್ತವೇ ರೂಢಿಯಾಯಿತು. ಹಾಗಾಗಿ ಐದು ಮೂಲೆಯ ಅಥವಾ ಗುರಾಣಿಯಾಕಾರದ, ಬ್ರಿಟಿಷ್ ಯುದ್ಧನೌಕೆಯ ಅಸಲಿ ಲಾಂಛನ ಸಿಕ್ಕರೆ ಅದು ಸಾಮಾನ್ಯವಾಗಿ ಎರಡು ಯುದ್ಧಗಳ ನಡುವಿನ ಕಾಲದ್ದು.

ಭಾರತದ ಮಟ್ಟಿಗೆ ಕಾಲ ಗುರುತಿಸಲು ಎರಡು ದಿನಾಂಕ ಬಾಯಿಪಾಠ ಇದ್ದರೆ ಅರ್ಧ ಕೆಲಸ ಮುಗಿದಂತೆ. 1934ರ ಅಕ್ಟೋಬರ್ 2ರಂದು ರಾಯಲ್ ಇಂಡಿಯನ್ ಮರೀನ್ ಹೋಗಿ ರಾಯಲ್ ಇಂಡಿಯನ್ ನೇವಿ ಆಯಿತು. 1950ರ ಜನವರಿ 26ರಂದು ರಾಯಲ್ ಎಂಬುದು ಬಿದ್ದುಹೋಯಿತು, ಹಡಗಿನ ಹೆಸರಿನ ಮುಂದಿನ ಎಚ್‌ಎಂಐಎಸ್ ಐಎನ್‌ಎಸ್ ಆಯಿತು, ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಸಮವಸ್ತ್ರದ ಗುಂಡಿ, ಟೋಪಿಯ ಬ್ಯಾಡ್ಜು, ಹಡಗಿನ ಲಾಂಛನ ಯಾವುದೇ ಇರಲಿ, ಮೊದಲು ತಲೆಯ ಮೇಲೆ ಏನಿದೆ ನೋಡಿ. ಸ್ವಾತಂತ್ರ್ಯ ಬಂದ ಮೇಲೂ ಎರಡೂವರೆ ವರ್ಷ ಕಿರೀಟವೇ ಇತ್ತು ಎಂಬುದನ್ನು ಮರೆಯಬಾರದು. ರಿವರ್ ಪ್ಲೇಟ್ ಕದನದಲ್ಲಿ ಹೋರಾಡಿದ್ದ ಅಕಿಲೀಸ್ ಎಂಬ ಕ್ರೂಸರ್ 1948ರಲ್ಲಿ ನಮ್ಮದಾದಾಗ ಅದರ ಹೆಸರು ಎಚ್‌ಎಂಐಎಸ್ ಡೆಲ್ಲಿ. ಆ ಮುಂಹೆಸರು ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಅಷ್ಟು ಚಿಕ್ಕ ಅವಧಿಯ ವಸ್ತು ಅಪರೂಪ.

ಬ್ರಿಟಿಷ್ ಟೋಪಿ ಬ್ಯಾಡ್ಜಿನ ರಾಜಕಿರೀಟದಲ್ಲೂ ಸುಳಿವಿದೆ. 1952ರವರೆಗಿನ ರಾಜರ ಕಾಲದ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿರುತ್ತದೆ. ರಾಣಿ ಎಲಿಜಬೆತ್ ಕಾಲದ್ದು ನಡುವೆ ತಗ್ಗಿರುತ್ತದೆ. ಆದರೆ ಚಾರ್ಲ್ಸ್ ರಾಜರಾದ ಮೇಲೆ ಮತ್ತೆ ಉಬ್ಬಿದ ಕಮಾನೇ ಬಂದಿದೆ. ಮೊನ್ನೆ ಮೊನ್ನೆ ಮಾಡಿದ ಬ್ಯಾಡ್ಜನ್ನು ಮಹಾಯುದ್ಧದ ಕಾಲದ್ದೆಂದು ಮಾರಲು ಇದು ಸಾಕು. ಹಡಗಿನ ಲಾಂಛನದ ಮೇಲಿರುವುದು ಬೇರೆಯೇ ಕಿರೀಟ: ಹಡಗಿನ ಹಿಂಭಾಗ ಮತ್ತು ಹಾಯಿಗಳನ್ನು ಒಂದಾದ ಮೇಲೊಂದು ಜೋಡಿಸಿದ ನೌಕಾ ಕಿರೀಟ.

ನದಿಗಳ ಹೆಸರಿನ ಹಳೆಯ ಹಡಗುಗಳನ್ನೂ ಹುಡುಕುವವರಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಯಲ್ ಇಂಡಿಯನ್ ನೇವಿಯಲ್ಲಿ ಕೃಷ್ಣಾ, ಕಾವೇರಿ, ಗೋದಾವರಿ ಎಂಬ ಸ್ಲೂಪ್ ಜಾತಿಯ ನೌಕೆಗಳಿದ್ದವು. ಇಂಗ್ಲಿಷಿನಲ್ಲಿ ಕೃಷ್ಣೆಯನ್ನು ಕಿಸ್ಟ್ನಾ ಎಂದು ಬರೆಯುತ್ತಿದ್ದರು. ಪಟ್ಟಿಗಳಲ್ಲಿ ಹುಡುಕುವಾಗ ಆ ಹೆಸರನ್ನೇ ನೋಡಬೇಕು. ತುಂಗಭದ್ರೆ ಹೋಗಿ ಸೇರುವುದು ಆ ಕೃಷ್ಣೆಗೇ. ನಮ್ಮ ಕಡೆಯವರಿಗೆ ಮೈಸೂರಿನ ನಂತರ ಹುಡುಕಲು ತಕ್ಕ ಹೆಸರು ಅದು.

ಏನೇನು ಸಿಗುತ್ತದೆ

ನಾವಿಕರು ಹಡಗಿನ ಲಾಂಛನವನ್ನು ಕ್ರೆಸ್ಟ್ ಎನ್ನುತ್ತಾರೆ. ಹಡಗಿನ ಮೇಲೇ ಇದ್ದ ದೊಡ್ಡ ಎರಕದ ಲಾಂಛನ ಒಂದು ಬಗೆ. ಅದು ಸರ್ಕಾರದ ಸ್ವತ್ತು, ಹಡಗು ನಿವೃತ್ತವಾದಾಗ ನೌಕಾಪಡೆಯ ಸಂಸ್ಥೆಗಳಿಗೋ ವಸ್ತುಸಂಗ್ರಹಾಲಯಕ್ಕೋ ಹೋಗುವುದೇ ಸರಿ. ಹೊರಗೆ ಮಾರಾಟಕ್ಕೆ ಬಂದರೆ ಹರಾಜಿನ ಕಾಗದ ಕೇಳಿ. ಹಡಗಿನ ದೋಣಿಗಳಿಗೆ ಬಡಿದಿರುತ್ತಿದ್ದ ಅಂಗೈಯಗಲದ ಚಿಕ್ಕ ಲಾಂಛನ, ತೋಪಿನ ಬಾಯಿಗೆ ಹಾಕುತ್ತಿದ್ದ ಮುಚ್ಚಳದ ಮೇಲಿನ ಲಾಂಛನ ಇನ್ನೆರಡು ಬಗೆ. ಮರದ ಹಲಗೆಗೆ ಕೂರಿಸಿದ ಕ್ರೆಸ್ಟನ್ನು ಬೀಳ್ಕೊಡುಗೆಯಲ್ಲಿ, ಭೇಟಿಗೆ ಬಂದ ಅತಿಥಿಗಳಿಗೆ ಕೊಡುತ್ತಾರೆ. ನಮಗೆ ನ್ಯಾಯವಾಗಿ ಸಿಗುವ ಸಾಧ್ಯತೆ ಹೆಚ್ಚಿರುವುದು ಇದೇ. ಟೋಪಿಯ ಮೇಲಿನ ಹಡಗಿನ ಹೆಸರಿನ ಪಟ್ಟಿ, ಸಮವಸ್ತ್ರದ ಗುಂಡಿ, ಮೀನಾಕಾರಿ ಮಾಡಿದ ಕೋಟಿನ ಪಿನ್ನು ಕಡಿಮೆ ಖರ್ಚಿನವು. ಬ್ರಿಟನ್ನಿನಲ್ಲಿ ನಾವಿಕರು ಮಡದಿಗೆ, ಪ್ರೇಯಸಿಗೆ ಕೊಡುತ್ತಿದ್ದ ನೌಕಾ ಕಿರೀಟದ ಪುಟ್ಟ ಬ್ರೂಚುಗಳಿವೆ. ಅವು ಎರಡೂ ಮಹಾಯುದ್ಧಗಳ ಕಾಲದವು, ತುಂಬ ಚೆಂದ. ಇನ್ನು ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿಗಳು ಸೇನಾ ಅಂಚೆ ಸೇವೆ ಹೊರತರುವ ವಿಶೇಷ ಲಕೋಟೆಗಳನ್ನು ನೋಡಲಿ. ಹಡಗು ಸೇವೆಗೆ ಸೇರಿದ ದಿನದ ಮುದ್ರೆ, ಲಾಂಛನದ ಚಿತ್ರ, ಚಿಕ್ಕ ಇತಿಹಾಸ ಎಲ್ಲ ಒಂದೇ ಕಡೆ ಇರುತ್ತವೆ.

ಎಲ್ಲಿ ಹುಡುಕುವುದು ಎಂದರೆ, ನಾನು ಮೊದಲು ಹೇಳುವುದು ನಿವೃತ್ತ ನಾವಿಕರ ಮನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲೂ ಸೈನ್ಯಕ್ಕೆ ಹೋಗಿ ಬಂದವರಿದ್ದಾರೆ, ಅವರಲ್ಲಿ ನೌಕಾಪಡೆಯವರು ಯಾರು ಎಂಬುದು ಮಾಜಿ ಸೈನಿಕರ ಬಳಗಕ್ಕೆ ಗೊತ್ತಿರುತ್ತದೆ. ಆದರೆ ಕೊಳ್ಳುವ ಮಾತಿನೊಂದಿಗೆ ಹೋಗಬೇಡಿ. ‘ಕಾಕಾ, ನೀವು ಯಾವ ಹಡಗಿನ್ಯಾಗ ಇದ್ರಿ?’ ಎಂದು ಕೇಳಿ ಕೂತುಕೊಳ್ಳಿ. ಗೋಡೆಯ ಮೇಲಿನ ಕ್ರೆಸ್ಟು ಅವರ ಮನೆಯಲ್ಲೇ ಇರಲಿ. ಅವರು ಹೇಳಿದ್ದನ್ನು ಬರೆದುಕೊಂಡು, ಒಪ್ಪಿದರೆ ಫೋಟೊ ತೆಗೆದುಕೊಂಡು ಬನ್ನಿ. ಆ ಬರಹ ನಿಮ್ಮ ಸಂಗ್ರಹದ ಬಹು ಬೆಲೆಯುಳ್ಳ ವಸ್ತುವಾಗುತ್ತದೆ. ಮುಂದೊಂದು ದಿನ ಅವರ ಮಕ್ಕಳೇ ಕರೆದು ಕೊಟ್ಟರೆ ಅದು ಬೇರೆ ಮಾತು.

ಮುಂಬೈಯ ಚೋರ್ ಬಜಾರು, ಹಡಗು ಒಡೆಯುವ ಗುಜರಾತಿನ ಅಲಂಗ್ ಬಳಿಯ ರಸ್ತೆಬದಿ ಅಂಗಡಿಗಳು, ದೊಡ್ಡ ಊರುಗಳ ನಾಣ್ಯ ಪ್ರದರ್ಶನಗಳು ಆಮೇಲಿನ ಮಾತು. ಐಎನ್‌ಎಸ್ ವಿರಾಟ್ ಒಡೆಯಲ್ಪಟ್ಟದ್ದು ಅಲಂಗ್‌ನಲ್ಲೇ, 2020ರಿಂದ. ಅಲ್ಲಿ ಸಿಗುವ ಸಾಮಾನು ಬಹುಪಾಲು ಸರಕು ಹಡಗುಗಳದು ಎಂಬುದು ನೆನಪಿರಲಿ. ಹಳೆಯ ಹಡಗಿನ ಗಡಿಯಾರ, ಮಾಪಕಗಳ ಆಸೆಗೆ ಬಿದ್ದರೆ ಒಂದು ಎಚ್ಚರಿಕೆ: ಕತ್ತಲಲ್ಲಿ ಹೊಳೆಯಲೆಂದು ಅವುಗಳ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಆರಿಹೋದರೂ ವಿಕಿರಣ ಇರುತ್ತದೆ. ಗಾಜು ಬಿಚ್ಚುವುದು, ಕೆರೆಯುವುದು ಬೇಡವೇ ಬೇಡ.

ಅಸಲಿಯೋ ನಕಲಿಯೋ

ಲಾಂಛನ ಕೈಗೆ ಬಂದ ಕೂಡಲೇ ಮುಂಭಾಗ ನೋಡಿ ಮರುಳಾಗದೆ ತಿರುಗಿಸಿ ಬೆನ್ನು ನೋಡಿ. ನಕಲು ಮಾಡುವವರು ಮುಖಕ್ಕೆ ಪಡುವ ಶ್ರಮವನ್ನು ಬೆನ್ನಿಗೆ ಪಡುವುದಿಲ್ಲ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಹಳೆಯ ಹಿತ್ತಾಳೆಯ ಬೆನ್ನು ತರಿತರಿಯಾಗಿರುತ್ತದೆ. ಬೋಲ್ಟು ಹಾಕಲು ಬಿಟ್ಟ ಗುಬುಟುಗಳಿರುತ್ತವೆ, ಕೆಲವದರಲ್ಲಿ ಎರಕದವರ ಗುರುತು, ಕೊರೆದ ಅಂಕಿ. ತೂತುಗಳ ಸುತ್ತ ತಿರುಪು ಬಿಗಿದು ಬಿಚ್ಚಿದ ಸವೆತ ಇದೆಯೇ? ಹಡಗಿನಲ್ಲಿ ವರ್ಷಗಟ್ಟಲೆ ಉಜ್ಜಿದ ಲಾಂಛನದಲ್ಲಿ ಉಬ್ಬಿದ ಭಾಗ ನುಣುಪಾಗಿ, ತಗ್ಗಿನಲ್ಲಿ ಪಾಲಿಶ್ ಒಣಗಿದ ಪುಡಿಯೋ ಬಣ್ಣದ ಪದರವೋ ಉಳಿದಿರುತ್ತದೆ. ಎಲ್ಲ ಕಡೆಯೂ ಒಂದೇ ಸಮ ಕಪ್ಪಾಗಿದ್ದರೆ ಮದ್ದು ಹಾಕಿ ಹಳತು ಮಾಡಿದ್ದಾರೆಂದು ಅನುಮಾನಿಸಿ.

ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ. ಒಂದು ಅಳತೆಪಟ್ಟಿಯೂ ಬೇಕು. ಅಸಲಿ ಲಾಂಛನವನ್ನೇ ಅಚ್ಚಾಗಿ ಒತ್ತಿ ಮರು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಹಿತ್ತಾಳೆಯಲ್ಲಿ ಆ ಕುಗ್ಗುವಿಕೆ ನೂರಕ್ಕೆ ಒಂದೂವರೆಯಷ್ಟು. 20 ಸೆಂಟಿಮೀಟರ್ ಅಗಲದ ಲಾಂಛನದ ನಕಲು 3 ಮಿಲಿಮೀಟರ್ ಚಿಕ್ಕದಾಗಿ ಬರುತ್ತದೆ, ಗೆರೆಗಳೂ ಮೊಂಡಾಗುತ್ತವೆ. ಗಂಡಭೇರುಂಡದ ಎರಡು ಕೊಕ್ಕು, ರೆಕ್ಕೆಯ ಗರಿಗಳ ಅಂಚು ಇಂಥ ಕಡೆ ಭೂತಗನ್ನಡಿ ಹಿಡಿದರೆ ಮೊಂಡುತನ ತಕ್ಷಣ ಕಾಣುತ್ತದೆ. ಅಸಲಿಯ ಅಳತೆ ಗೊತ್ತಿರಬೇಕಾದರೆ ವಸ್ತುಸಂಗ್ರಹಾಲಯಗಳಲ್ಲಿ, ಬೇರೆ ಸಂಗ್ರಹಕಾರರ ಮನೆಗಳಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು.

ಮಾತಿನ ನಕಲಿಯೂ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ 1971ರ ಯುದ್ಧದಲ್ಲಿ ಭಾಗವಹಿಸಿತ್ತು ಎಂದು ಹಲವು ಕಡೆ ಬರೆದಿರುವುದು ಕಾಣುತ್ತದೆ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಯ ಮೇಲೆ 1971ರ ಡಿಸೆಂಬರ್ 4ರ ರಾತ್ರಿ ಎರಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ರಷ್ಯನ್ ವಂಶದ ತಂಗಿ. ನೌಕಾ ದಿನ ಡಿಸೆಂಬರ್ 4ಕ್ಕೆ ಬರುವುದು ಆ ದಾಳಿಯ ನೆನಪಿಗೆ. ಚಪಲ್‌ಗೆ ತನ್ನದೇ ಸುಮಾರು ಮೂರು ದಶಕದ ಸೇವೆ ಇದೆ. 2005ರಲ್ಲಿ ನಿವೃತ್ತವಾಗಿ ಮರುವರ್ಷ ಕಾರವಾರಕ್ಕೆ ಬಂತು. ಹಡಗಿನೊಳಗೆ ಹೋಗಿ, ಅಷ್ಟು ಇಕ್ಕಟ್ಟಿನಲ್ಲಿ ಜನ ಹೇಗೆ ಇರುತ್ತಿದ್ದರು ಎಂಬುದನ್ನು ನೋಡಿದ ಮೇಲೆ ಲಾಂಛನ ನೋಡುವ ಕಣ್ಣೇ ಬೇರೆಯಾಗುತ್ತದೆ. ಸಂಗ್ರಹ ಶುರು ಮಾಡುವ ಮುನ್ನ ಈ ಒಂದು ಪ್ರಯಾಣ ಮಾಡಿ ಬನ್ನಿ. ದಾರಿ ಗೋವಾಕ್ಕೆ ಮುಂದುವರಿದರೆ ದಾಬೋಲಿಯ ಬಳಿ ನೌಕಾ ವಿಮಾನಗಳ ವಸ್ತುಸಂಗ್ರಹಾಲಯವಿದೆ. ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ, ಅವುಗಳಲ್ಲಿ ನೌಕಾಯುದ್ಧ ಕೆತ್ತಿದವೂ ಸೇರಿವೆ. ಕಾರವಾರದ ನೌಕಾನೆಲೆಗೆ 2005ರಲ್ಲಿ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟದ್ದರ ಔಚಿತ್ಯ ಆ ಕಲ್ಲುಗಳ ಮುಂದೆ ನಿಂತಾಗ ತಿಳಿಯುತ್ತದೆ.

ಮನೆಯಲ್ಲಿ ಇಡುವುದು

ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಕೈಗೆ ರೂಢಿ. ದೇವರ ಸಾಮಾನಿಗೆ ಅದು ಸರಿ, ಹಳೆಯ ಲಾಂಛನಕ್ಕೆ ಸಲ್ಲದು. ಹುಳಿ ಮೇಲಿನ ಪದರವನ್ನು ಕಿತ್ತು ತೆಗೆಯುತ್ತದೆ, ಬಣ್ಣ ಹೋಗುತ್ತದೆ, ವಯಸ್ಸಿನ ಸಾಕ್ಷಿಯೂ ಹೋಗುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ದೂಳು ಕೊಡವಿ, ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಬೇಕಾದಷ್ಟಾಯಿತು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಉಪ್ಪುಕಾಗದ ಹಾಕಿ ಉಜ್ಜಬಾರದು, ಮಕ್ಕಳ ಕೈಗೂ ಕೊಡಬಾರದು.

ಕಡಲಿನಿಂದ ಬಂದ ಲೋಹದೊಳಗೆ ಉಪ್ಪು ಕೂತಿರುತ್ತದೆ. ತೇವ ಸೋಕಿದಾಗ ಅದು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಗಟ್ಟಿಯಾಗಿ ಅಂಟಿದ ಕಡು ಹಸಿರು ಕಿಲುಬಿಗೆ ಹೆದರಬೇಕಿಲ್ಲ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ. ಅಂಥದ್ದನ್ನು ಉಳಿದವುಗಳಿಂದ ಬೇರೆ ಇಟ್ಟು, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ ಉಪ್ಪು ಬಿಡಿಸಿ, ಪೂರ್ತಿ ಒಣಗಿಸಬೇಕು. ಬಣ್ಣ ಅಥವಾ ಮೀನಾಕಾರಿ ಇದ್ದರೆ ಸ್ವಂತ ಪ್ರಯೋಗ ಬೇಡ, ಸಂರಕ್ಷಣೆ ಬಲ್ಲವರಿಗೆ ತೋರಿಸಿ. ನಮ್ಮ ಕಡೆಯ ಬೇಸಿಗೆ ಲೋಹಕ್ಕೆ ಒಳ್ಳೆಯದೇ. ತೊಂದರೆ ಮಳೆಗಾಲದ್ದು, ಗದ್ದೆ ಬಯಲಿನ ಮನೆಗಳ ತೇವದ್ದು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ. ರಬ್ಬರ್ ಬ್ಯಾಂಡು, ಉಣ್ಣೆಯ ಬಟ್ಟೆ, ಸುದ್ದಿಪತ್ರಿಕೆ, ಮೆತ್ತನೆಯ ಪಿವಿಸಿ ಕವರು ನಾಲ್ಕೂ ಲೋಹಕ್ಕೆ ಶತ್ರುಗಳು.

ಕಾನೂನಿನ ನಾಲ್ಕು ಮಾತು

ಅಶೋಕ ಸಿಂಹ ಇರುವ ಹಳೆಯ ಲಾಂಛನ ಮನೆಯಲ್ಲಿ ಜೋಪಾನ ಮಾಡುವುದು ಬೇರೆ, ಅದರ ಚಿತ್ರವನ್ನು ಅಂಗಡಿಯ ಫಲಕಕ್ಕೋ ಕಾರಿಗೋ ಹಾಕಿಕೊಳ್ಳುವುದು ಬೇರೆ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆ ಎರಡನೆಯದನ್ನು ನಿಷೇಧಿಸುತ್ತದೆ. ನಾವಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸಮವಸ್ತ್ರ, ಬ್ಯಾಡ್ಜು ತೊಡುವುದೂ ಅಪರಾಧ. ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು ಎನಿಸುತ್ತದೆ. 1972ರ ಕಾಯ್ದೆಯಂತೆ ಅದನ್ನು ಖಾಸಗಿಯಾಗಿ ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಲಾಂಛನದ ಜೊತೆಗಿಡಲು ಅಚ್ಯುತರಾಯನ ವರಹ ಕೊಳ್ಳಬೇಕೆಂದು ಆಸೆಪಡುವವರಿಗೆ ಇದು ಮುಖ್ಯ. ಮೂರೂವರೆ ಗ್ರಾಂಗೂ ಕಡಿಮೆ ತೂಗುವ ಆ ನಾಣ್ಯದ ಒಂದು ಮುಖದಲ್ಲಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಹಿಡಿದ ಗಂಡಭೇರುಂಡ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ರಾಜನ ಹೆಸರು. ಪರವಾನಗಿ ಇರುವವರಲ್ಲಿ ರಸೀದಿ ಪಡೆದು ಕೊಳ್ಳಬಹುದು. ಆದರೆ ಆನೆಗೊಂದಿ, ಹಂಪಿ ಸುತ್ತಲಿನ ಹೊಲದಲ್ಲೋ ಮನೆಯ ಪಾಯದಲ್ಲೋ ನಾಣ್ಯ ಸಿಕ್ಕರೆ ಅದು ನಿಧಿ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಲೇಬೇಕು, ಬಚ್ಚಿಟ್ಟರೆ ಶಿಕ್ಷೆ ಇದೆ. ಅಂಥ ನಾಣ್ಯವನ್ನು ಕದ್ದು ತಂದು ತೋರಿಸುವವರಿಂದ ದೂರವಿರಿ.

ಕೊನೆಯದಾಗಿ ಒಂದು ದಪ್ಪ ರಟ್ಟಿನ ನೋಟ್‌ಬುಕ್ ಕೊಳ್ಳಿ. ಪ್ರತಿ ಲಾಂಛನಕ್ಕೆ ಒಂದೊಂದು ಹಾಳೆ. ಹಡಗಿನ ಹೆಸರು, ಸೇವೆಗೆ ಸೇರಿದ ಮತ್ತು ನಿವೃತ್ತವಾದ ದಿನ, ಲೋಹ, ಅಗಲ, ತೂಕ, ಬೆನ್ನಿನ ಗುರುತು, ಯಾರಿಂದ ಯಾವಾಗ ಬಂತು, ಎಷ್ಟು ಕೊಟ್ಟಿರಿ, ಕೊಟ್ಟವರು ಏನು ಹೇಳಿದರು. ಅವರು ಹೇಳಿದ್ದು ಒಂದು ಕಡೆ, ನೀವು ಓದಿ ಖಚಿತಪಡಿಸಿಕೊಂಡದ್ದು ಇನ್ನೊಂದು ಕಡೆ ಬರೆಯಿರಿ, ಎರಡನ್ನೂ ಬೆರೆಸಬೇಡಿ. ವಸ್ತುವಿನ ಮೇಲೆ ಪೆನ್ನಿನಿಂದ ಬರೆಯದೆ, ದಾರ ಕಟ್ಟಿದ ಕಾಗದದ ಚೀಟಿಯಲ್ಲಿ ಸಂಖ್ಯೆ ಹಾಕಿ. ನೋಟ್‌ಬುಕ್ಕಿನ ಒಂದು ಪ್ರತಿ ಬೇರೆ ಮನೆಯಲ್ಲಿರಲಿ, ಮತ್ತು ನಿಮ್ಮ ನಂತರ ಈ ಸಂಗ್ರಹ ಯಾವ ಶಾಲೆಗೆ ಅಥವಾ ಯಾವ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂದು ಅದರ ಮೊದಲ ಪುಟದಲ್ಲೇ ಬರೆದು ಸಹಿ ಮಾಡಿಡಿ.